ಒಂಬತ್ತು ಪುಟದ ಒಪ್ಪಿಗೆ ಪತ್ರ

ತಾಯಿಗೆ ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷವಾಗಿತ್ತು. ಆ ಹನ್ನೆರಡು ವರ್ಷದಲ್ಲಿ ವಕೀಲೆ ಮಗಳು ಹೇಳದ ಮಾತಿಲ್ಲ, ಆಡದ ಜಗಳವಿಲ್ಲ. ದಿನಾ ನಡೆ ಅಂದಳು, ಸಿಹಿ ಬಿಡು ಅಂದಳು, ಮಾತ್ರೆ ಡಬ್ಬಿಯ ಮೇಲೆ ವಾರಗಳ ಹೆಸರು ದಪ್ಪಕ್ಷರದಲ್ಲಿ ಬರೆದು ಕೊಟ್ಟಳು, ಒಳ್ಳೆಯ ಬೂಟು ತಂದು ಬಾಗಿಲ ಬಳಿ ಇಟ್ಟಳು. ಬೂಟು ಅಲ್ಲೇ ಕೂತು ಧೂಳು ತಿಂದಿತು. ತಾಯಿ ದಿಂಬಿನ ಕವರಿನೊಳಗೆ ಬಚ್ಚಿಟ್ಟ ಬಿಸ್ಕತ್ತು ತಿಂದಳು. ಹಿತ್ತಲ ಗಿಡ ಮದ್ದಲ್ಲ ಎಂದು ವಕೀಲೆಯ ಗಂಡ ನಕ್ಕರೆ ಅವಳಿಗೆ ನಗು ಬರುತ್ತಿರಲಿಲ್ಲ. ಕೋರ್ಟಿನಲ್ಲಿ ಎದುರಾಳಿಯ ಬಾಯಿ ಮುಚ್ಚಿಸುವ ತಾನು ಮನೆಯಲ್ಲಿ ಹೆತ್ತವಳನ್ನು ನಾಲ್ಕು ಹೆಜ್ಜೆ ನಡೆಸಲಾರೆನಲ್ಲ ಎಂಬ ಕೊರಗು ಅವಳಿಗೆ ಇದ್ದೇ ಇತ್ತು.

ಅಂಥ ತಾಯಿಯನ್ನು ಒಬ್ಬ ಡ್ರಿಲ್ ಟೀಚರು ಮೂರೇ ತಿಂಗಳಲ್ಲಿ ದಾರಿಗೆ ತಂದಳು.

ಅವಳು ಈಗ ಡ್ರಿಲ್ ಟೀಚರಲ್ಲ. ಶಾಲೆ ಮುಚ್ಚಿದ ಮೇಲೆ ಒಂದು ವರ್ಷ ಏನೋ ತರಬೇತಿ ಪಡೆದು, ಟೈಲರ್ ಅಂಗಡಿಯ ಮೇಲಿನ ಕೋಣೆ ಬಾಡಿಗೆಗೆ ಹಿಡಿದು, ಹೆಲ್ತ್ ಕೋಚ್ ಆಗಿ ಕೂತಿದ್ದಳು. ಕೋಣೆಯಲ್ಲಿ ನಾಲ್ಕು ಕುರ್ಚಿ, ಒಂದು ತೂಕದ ಯಂತ್ರ, ಬೀಗವಿರುವ ಒಂದು ಬೀರು. ಬಂದವರನ್ನು ಅರ್ಧ ಗಂಟೆ ಎದುರಿಗೆ ಕೂರಿಸಿಕೊಂಡು, ಅವರ ಮಾತು ಕೇಳಿ, ಆ ವಾರಕ್ಕೆ ಒಂದೇ ಒಂದು ಸಣ್ಣ ಕೆಲಸ ಒಪ್ಪಿಸಿ ಕಳಿಸುವುದು ಅವಳ ರೀತಿ. ಪಕ್ಕದ ಮನೆಯಾಕೆ ಒಮ್ಮೆ ತಾಯಿಯನ್ನು ಅಲ್ಲಿಗೆ ಕರೆದುಕೊಂಡು ಹೋದಳು, ಅಷ್ಟೆ. ಮರುವಾರದಿಂದ ತಾಯಿ ಬೂಟಿನ ಧೂಳು ಕೊಡವಿ ಹೊರಟಳು. ತಿಂದದ್ದು, ನಡೆದದ್ದು ಎಲ್ಲ ಒಂದು ನೋಟ್‌ಬುಕ್ಕಿಗೆ ಏರಿತು. ಬೆಳಿಗ್ಗೆ ಆರೂವರೆಗೆ ಫೋನಿನಲ್ಲಿ "ಎದ್ರಾ ಅಮ್ಮ?" ಎಂದು ಆ ಹೆಣ್ಣಿನ ದನಿ ಬಂದರೆ ತಾಯಿ ಎಳೆ ಹುಡುಗಿಯ ಹಾಗೆ ನಗುತ್ತಿದ್ದಳು. ಮನೆಯಲ್ಲಿ ಯಾವ ಮಾತಿಗೂ ಕೊನೆಯ ತೀರ್ಪು ಒಂದೇ: "ಕೋಚ್ ಹೇಳಿದ್ದಾಳೆ."

ಸಂತೋಷಪಡಬೇಕಾದ ವಿಷಯವೇ. ತಾಯಿಯ ಮಂಡಿನೋವು ಇಳಿದಿತ್ತು, ರಕ್ತ ಪರೀಕ್ಷೆಯ ಅಂಕಿಗಳೂ ಇಳಿದಿದ್ದವು. ಎಲ್ಲರೆದುರು ವಕೀಲೆ ಒಳ್ಳೇದಾಯ್ತು ಎಂದಳು. ಒಳಗೆ ಮಾತ್ರ ಒಲೆಯ ಮೇಲಿಟ್ಟು ಮರೆತ ಪಾತ್ರೆಯ ಹಾಗೆ ತಳ ಹತ್ತುತ್ತಿತ್ತು. ಒಂದು ದಿನ ತಾಯಿ ಫೋನಿನಲ್ಲಿ ಆ ಕೋಚಿಗೆ "ಆಯ್ತು ಪುಟ್ಟಿ, ನೀರು ಕುಡೀತೀನಿ ಪುಟ್ಟಿ" ಅನ್ನುವುದು ಅವಳ ಕಿವಿಗೆ ಬಿತ್ತು. ಪುಟ್ಟಿ ಎಂಬುದು ವಕೀಲೆಯನ್ನು ಚಿಕ್ಕಂದಿನಿಂದ ಕರೆಯುತ್ತಿದ್ದ ಹೆಸರು. ಆ ದಿನ ಅವಳು ಒಂದು ಅರ್ಜಿಗೆ ತಪ್ಪು ತಾರೀಕು ಹಾಕಿ, ಕಚೇರಿಯ ಗುಮಾಸ್ತೆಯನ್ನು ಸುಮ್ಮನೆ ಬೈದಳು.

ಹೀಗಿರುವಾಗ ಆ ಕೋಚೇ ಒಂದು ಬಟ್ಟೆಚೀಲದ ತುಂಬ ಕಾಗದ ತುಂಬಿಕೊಂಡು ವಕೀಲೆಯ ಕಚೇರಿಗೆ ಬಂದಳು. ಸಣ್ಣ ಸಣ್ಣ ವ್ಯಾಪಾರಗಳ ಕಾಗದಪತ್ರ ಸರಿಮಾಡಿಕೊಡುವುದು ವಕೀಲೆಯ ಮುಖ್ಯ ಕೆಲಸ. ಈಚೆಗೆ ಯೋಗದ ಕೋಣೆಯವರು, ಮಸಾಜಿನವರು, ತೂಕ ಇಳಿಸುವ ಪುಡಿ ಮಾರುವವರು ಹೆಚ್ಚಾಗಿದ್ದರು. ಎರಡು ಬೀದಿ ಆಚೆ ಒಬ್ಬ 'ಸಕ್ಕರೆ ಕಾಯಿಲೆ ಗುಣಪಡಿಸುತ್ತೇವೆ' ಎಂದು ಫಲಕ ಹಾಕಿ, ಆರೋಗ್ಯ ಇಲಾಖೆಯ ನೋಟಿಸ್ ತಿಂದು, ಬಾಗಿಲು ಹಾಕಿಕೊಂಡಿದ್ದ. ಆ ಸುದ್ದಿ ಕೇಳಿ ಕೋಚಿಗೂ ಭಯ ಹತ್ತಿತ್ತು. ಭಯ ಯಾಕೆ, ನನ್ನ ಮಗಳೇ ಇದ್ದಾಳಲ್ಲ, ಹೋಗಿ ಕೇಳು ಎಂದು ಕಳಿಸಿದವಳು ತಾಯಿಯೇ.

ತನ್ನ ಮನೆಯವರ ಸಂಬಂಧವಿರುವ ಕೆಲಸ ಕೈಗೆ ತೆಗೆದುಕೊಳ್ಳಬಾರದು ಎಂಬುದು ವಕೀಲೆಯ ನಿಯಮ. ಬೇರೆಯವರ ವಿಳಾಸ ಬರೆದುಕೊಟ್ಟು ಕಳಿಸಿದ್ದರೆ ಮುಗಿದಿತ್ತು. ಅವಳು ಹಾಗೆ ಮಾಡಲಿಲ್ಲ. ಕುರ್ಚಿ ತೋರಿಸಿ, ಕನ್ನಡಕ ಏರಿಸಿಕೊಂಡು, ಆ ಕಾಗದಗಳಲ್ಲಿ ತಪ್ಪು ಹುಡುಕಲು ಕೂತಳು.

ತಪ್ಪು ಸಿಗಲೊಲ್ಲದು. ಹೆಸರಿನ ಹಿಂದೆ ಡಾಕ್ಟರ್ ಅಂತ ಹಾಕಿಕೊಂಡಿದ್ದೀರಾ ಎಂದು ಕೇಳಿದಳು. ಇಲ್ಲ. ಪುಡಿ, ಮಾತ್ರೆ ಏನಾದರೂ ಮಾರುತ್ತೀರಾ? ಇಲ್ಲ. ಫಲಕದಲ್ಲಿ ಗುಣಪಡಿಸುತ್ತೇವೆ ಎಂದಿದೆಯಾ? ಇಲ್ಲ, ಜೊತೆಗಿರುತ್ತೇವೆ ಎಂದಿದೆ. ಬಂದವರ ವಿವರ ಎಲ್ಲಿಡುತ್ತೀರಿ? ಬೀರುವಿನಲ್ಲಿ, ಕೀಲಿ ತನ್ನ ಹತ್ತಿರ. ಕಡಿಮೆಯಿದ್ದದ್ದು ಎರಡೇ: ಬರುವವರ ಜೊತೆ ಲಿಖಿತ ಒಪ್ಪಂದವಿರಲಿಲ್ಲ, ಹೊಸ ವೆಬ್‌ಸೈಟಿಗೆಂದು ಬರೆದಿಟ್ಟ ಗ್ರಾಹಕರ ಮಾತುಗಳಿಗೆ ಅವರ ಸಹಿ ಪಡೆದಿರಲಿಲ್ಲ. ಆ ಮಾತುಗಳ ಹಾಳೆಯನ್ನು ವಕೀಲೆ ಓದುತ್ತ ಹೋದಳು. ಹೆಸರಿಲ್ಲದ ಐದನೆಯದು ಹೀಗಿತ್ತು: 'ನಮ್ಮ ಮನೆಯಲ್ಲಿ ಎಲ್ಲರೂ ನನಗೆ ಬುದ್ಧಿ ಹೇಳುತ್ತಾರೆ. ಇಲ್ಲಿ ಒಬ್ಬಳು ನನ್ನ ಮಾತು ಕೇಳುತ್ತಾಳೆ.'

ಹೆಸರು ಬೇಕಿರಲಿಲ್ಲ. ಹೆತ್ತವಳ ಮಾತಿನ ಧಾಟಿ ಯಾರಿಗೆ ಗೊತ್ತಾಗುವುದಿಲ್ಲ?

"ನಮ್ಮಮ್ಮ ನಿಮ್ಮ ಹತ್ತಿರ ಏನೇನು ಮಾತಾಡ್ತಾರೆ?" ಎಂದು ವಕೀಲೆ ಹಾಳೆಯಿಂದ ತಲೆಯೆತ್ತದೆ ಕೇಳಿದಳು.

ಕೋಚ್ "ಅದನ್ನ ನಾನು ಹೇಳೋ ಹಾಗಿಲ್ವಲ್ಲ ಮೇಡಂ," ಎಂದಳು. "ಹೇಳೋದು ತಪ್ಪಾಗುತ್ತೆ ಅಲ್ವಾ?"

"ತಪ್ಪಾಗುತ್ತೆ. ಸುಮ್ಮನೆ ಪರೀಕ್ಷೆ ಮಾಡಿದೆ," ಎಂದಳು ವಕೀಲೆ. ಅವಳ ಕಿವಿ ಬಿಸಿಯಾಗಿತ್ತು.

ಭಾನುವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಕೂತು ಅವಳು ಒಪ್ಪಿಗೆ ಪತ್ರ ಬರೆದಳು. ಎರಡು ಪುಟದಲ್ಲಿ ಮುಗಿಯುವ ಕೆಲಸ. ಇದು ವೈದ್ಯಕೀಯ ಚಿಕಿತ್ಸೆಯಲ್ಲ, ಮಾತ್ರೆಯ ವಿಷಯ ಡಾಕ್ಟರನ್ನೇ ಕೇಳಬೇಕು, ನಿಮ್ಮ ವಿವರ ಗುಟ್ಟಾಗಿರುತ್ತದೆ, ಯಾವಾಗ ಬೇಕಾದರೂ ಬಿಡಬಹುದು, ಇಷ್ಟೇ. ಆದರೆ ಅವಳ ಕೈ ನಿಲ್ಲಲಿಲ್ಲ. 'ಅಂಗವೈಕಲ್ಯ, ಪಾರ್ಶ್ವವಾಯು ಹಾಗೂ ಮರಣ ಸೇರಿದಂತೆ ಸಂಭವಿಸಬಹುದಾದ ಯಾವುದೇ ಹಾನಿಗೆ ಗ್ರಾಹಕರೇ ಸಂಪೂರ್ಣ ಹೊಣೆಗಾರರು' ಎಂದು ನಾಲ್ಕನೆಯ ಕಲಮಿನಲ್ಲಿ ಹಾಕಿದಳು. 'ತಪ್ಪು ಮಾಹಿತಿ ನೀಡಿದ ಗ್ರಾಹಕರ ವಿರುದ್ಧ ಕಾನೂನು ಕ್ರಮ ಜರುಗಿಸಲಾಗುವುದು' ಎಂದು ಏಳನೆಯದರಲ್ಲಿ. ಒಟ್ಟು ಒಂಬತ್ತು ಪುಟ. ಯಾವ ವಕೀಲ ಓದಿದರೂ ಬೆರಳಿಟ್ಟು ಇದು ತಪ್ಪು ಎನ್ನುವಂತಿರಲಿಲ್ಲ. ಆದರೆ ಓದಿದ ಯಾರಿಗೇ ಆದರೂ ಕೋಚಿನ ಕೋಣೆಯ ಮೆಟ್ಟಿಲು ಹತ್ತುವ ಮನಸ್ಸು ಉಳಿಯುವಂತೆಯೂ ಇರಲಿಲ್ಲ. ಅದು ಅವಳಿಗೆ ಬರೆಯುವಾಗಲೇ ಗೊತ್ತಿತ್ತು. ಗೊತ್ತಿಲ್ಲದ ಹಾಗೆ ಇದ್ದುಬಿಟ್ಟಳು.

ಇಷ್ಟೊಂದು ಬೇಕಾ ಮೇಡಂ ಎಂದು ಕೋಚ್ ಕೇಳಿದಳು. ಕಾನೂನೆಂದರೆ ಹೀಗೇ ಎಂದು ವಕೀಲೆ ಹೇಳಿದಳು. ಪಾಪ, ನಂಬಿದವಳು ಪ್ರತಿಗಳನ್ನು ಮಾಡಿಸಿ ಎಲ್ಲರಿಗೂ ಹಂಚಿದಳು.

ಎರಡು ವಾರದಲ್ಲಿ ಇಪ್ಪತ್ತಾರು ಜನರಲ್ಲಿ ಹನ್ನೊಂದು ಜನ ಬರುವುದು ನಿಲ್ಲಿಸಿದರು. ಪಕ್ಕದ ಮನೆಯಾಕೆಯೇ ಮೊದಲು ಬಿಟ್ಟವಳು; ನಡೆಯುವುದಕ್ಕೆ ಹೋಗಿ ಸಾಯುವುದಾದರೆ ಮನೆಯಲ್ಲೇ ಕೂತು ಸಾಯುತ್ತೇನೆ ಅಂದಳಂತೆ. ಈ ಸುದ್ದಿಯನ್ನು ತಾಯಿಯ ಬಾಯಿಂದ ಕೇಳಿದಾಗ ವಕೀಲೆಗೆ ಬಾಯೊಳಗೆ ಸಕ್ಕರೆ ಇಟ್ಟ ಹಾಗಾಯಿತು. ಆ ರುಚಿ ಹೆಚ್ಚು ಹೊತ್ತು ಉಳಿಯಲಿಲ್ಲ. ಯಾಕೆಂದರೆ ತಾಯಿ ಒಳಕೋಣೆಗೆ ಹೋಗಿ ತನ್ನ ಪ್ರತಿಯನ್ನು ತಂದು ಊಟದ ಮೇಜಿನ ಮೇಲಿಟ್ಟಳು. ಇನ್ನೂ ಸಹಿ ಹಾಕಿರಲಿಲ್ಲ.

"ನೀನೇ ಬರೆದಿದ್ದಂತೆ. ನೀನೇ ಓದಿ ಹೇಳು. ನನಗೆ ಈ ಭಾಷೆ ಅರ್ಥ ಆಗಲ್ಲ."

ವಕೀಲೆ ಓದಿದಳು. ತನ್ನದೇ ವಾಕ್ಯಗಳು ತಾಯಿಯ ಮುಖದೆದುರು ಕಲ್ಲು ಜಗಿದಂತಾದವು. ನಾಲ್ಕನೆಯ ಕಲಮಿಗೆ ತಾಯಿ ಕೈ ಅಡ್ಡ ಹಿಡಿದು, ಅಂದರೆ ಏನು ಎಂದು ಕೇಳಿದಳು. ನೀನು ನಡೆಯುವಾಗ ಬಿದ್ದರೆ ಅವಳ ತಪ್ಪಲ್ಲ ಅಂತ, ಎಂದು ಮಗಳು ವಿವರಿಸಿದಳು.

"ಅಷ್ಟಕ್ಕೆ ಸಾವು ಯಾಕೆ ಬಂತು ಮಧ್ಯದಲ್ಲಿ?"

ವಕೀಲೆ ಹಾಳೆ ಮಗುಚಿ ಮುಂದಕ್ಕೆ ಓದಿದಳು. ಏಳನೆಯ ಕಲಮಿಗೆ ಬಂದಾಗ ತಾಯಿಯ ಮುಖ ಸಣ್ಣದಾಯಿತು. ಮಾತ್ರೆ ವಿಷಯದಲ್ಲಿ ಸುಳ್ಳು ಹೇಳಿದ್ದರೆ ನನ್ನ ಮೇಲೆ ಕೇಸು ಹಾಕುತ್ತಾರಾ ಎಂದು ಕೇಳಿದಳು.

"ಮಾತ್ರೆ ವಿಷಯದಲ್ಲಿ ಅವಳಿಗೆ ಏನು ಸುಳ್ಳು ಹೇಳಿದ್ದೀಯಮ್ಮ?"

"ಅವಳಿಗೆ ಹೇಳಿಲ್ಲ," ಎಂದಳು ತಾಯಿ. "ನಿನಗೆ ಹೇಳಿದ್ದೀನಿ."

ಆಮೇಲೆ ಒಂದೊಂದೇ ಹೊರಗೆ ಬಂತು. ಸಂಜೆಯ ಮಾತ್ರೆ ನುಂಗಿದರೆ ತಲೆ ತಿರುಗುತ್ತಿತ್ತು; ಒಂದು ಸಲ ಬಚ್ಚಲಲ್ಲಿ ಬಿದ್ದೂ ಬಿದ್ದಿದ್ದಳು; ಹಣೆಯ ಗಾಯಕ್ಕೆ ಬಾಗಿಲು ತಗಲಿತು ಎಂದು ಮಗಳಿಗೆ ಅಂದದ್ದು ಸುಳ್ಳು. ಮಗಳಿಗೆ ಹೇಳಿದರೆ ಯಾವಾಗ, ಎಷ್ಟು ಗಂಟೆಗೆ, ಮೊದಲೇ ಯಾಕೆ ಹೇಳಲಿಲ್ಲ ಎಂದು ಕಟಕಟೆಯಲ್ಲಿ ನಿಲ್ಲಿಸಿದ ಹಾಗೆ ಕೇಳುತ್ತಾಳೆ ಎಂಬ ಹೆದರಿಕೆಗೆ ಮಾತ್ರೆಯನ್ನೇ ಗುಟ್ಟಾಗಿ ಬಿಟ್ಟಿದ್ದಳು. ಕೋಚಿನ ಮುಂದೆ ಇದನ್ನು ಬಾಯಿಬಿಟ್ಟಾಗ, ಮಾತ್ರೆಯ ವಿಷಯ ನಾನು ಒಂದಕ್ಷರವೂ ಹೇಳುವ ಹಾಗಿಲ್ಲ, ಡಾಕ್ಟರೇ ಹೇಳಬೇಕು ಎಂದು ಅವಳು ಅವತ್ತೇ ಆಟೋ ಹತ್ತಿಸಿಕೊಂಡು ಕರೆದೊಯ್ದಿದ್ದಳು. ಡಾಕ್ಟರು ಮಾತ್ರೆ ಬದಲಾಯಿಸಿದ್ದರು. ಮಗಳಿಗೂ ಹೇಳಿ ಅಂತ ಕೋಚ್ ವಾರವಾರವೂ ಹೇಳುತ್ತಿದ್ದಳಂತೆ. ತಾಯಿಯೇ ಇವತ್ತು ನಾಳೆ ಎಂದು ದಿನ ತಳ್ಳಿದ್ದಳು.

ವಕೀಲೆಗೆ ನಾಚಿಕೆಯಾಯಿತು. ಆದರೆ ಮನುಷ್ಯರ ಮನಸ್ಸು ನೋಡಿ: ಆ ನಾಚಿಕೆಯ ಪಕ್ಕದಲ್ಲೇ, ಆಸ್ಪತ್ರೆಯ ಬೆಂಚಿನ ಮೇಲೆ ತಾಯಿಯ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತವಳು ತಾನಲ್ಲ, ಅವಳು, ಎಂಬ ಉರಿಯೂ ಎದ್ದು ಕೂತಿತು.

"ಆ ಹುಡುಗಿ ನಿನಗೇನು ಮಾಡಿದ್ಲು?" ಎಂದು ತಾಯಿ ಮೆಲ್ಲಗೆ ಕೇಳಿದಳು.

ನಲವತ್ತಾರು ವರ್ಷದ ವಕೀಲೆ, ಒಂಬತ್ತು ಪುಟಗಳನ್ನು ನೋಡುತ್ತ, "ನೀನು ಅವಳನ್ನ ಪುಟ್ಟಿ ಅಂತೀಯ," ಎಂದಳು. ಹೇಳಿದ ಮೇಲೆ ಎದ್ದು ಹೋಗಬೇಕೆನ್ನಿಸಿತು.

ತಾಯಿ ನಗಲಿಲ್ಲ. "ನಿನ್ನನ್ನ ಹಾಗೆ ಕರೆದ್ರೆ ಬೈತಿದ್ದೆಯಲ್ಲೇ. ಕಕ್ಷಿದಾರರು ಬಂದಿರ್ತಾರೆ, ಹಾಗೆಲ್ಲ ಕೂಗಬೇಡ ಅಂತ ಹೇಳಿದ್ದು ನೀನೇ. ಹೆಸರು ಬಾಯಲ್ಲಿತ್ತು, ಎಲ್ಲಿ ಹಾಕೋದು?"

ಮರುದಿನ ವಕೀಲೆ ಟೈಲರ್ ಅಂಗಡಿಯ ಪಕ್ಕದ ಕಡಿದಾದ ಮೆಟ್ಟಿಲು ಹತ್ತಿದಳು. ಕೈಯಲ್ಲಿ ಹೊಸದಾಗಿ ಬರೆದ ಎರಡು ಪುಟವಿತ್ತು. ಕೋಚ್ ಒಬ್ಬಳೇ ಕೂತಿದ್ದಳು, ಆ ಹೊತ್ತಿಗೆ ಬರಬೇಕಾದವರು ಬಂದಿರಲಿಲ್ಲ. ಕೆಳಗೆ ಹೊಲಿಗೆ ಯಂತ್ರದ ಸದ್ದು ನೆಲದ ಮೂಲಕ ಕಾಲಿಗೆ ಮುಟ್ಟುತ್ತಿತ್ತು. ವಕೀಲೆ ಸುತ್ತು ಬಳಸಲಿಲ್ಲ. ಒಂಬತ್ತು ಪುಟ ಬೇಕಿರಲಿಲ್ಲವೆಂದೂ, ಹೊಟ್ಟೆಕಿಚ್ಚಿಗೆ ಬರೆದದ್ದೆಂದೂ, ಮೊದಲೇ ಈ ಕೆಲಸ ಒಲ್ಲೆ ಅನ್ನಬೇಕಿತ್ತೆಂದೂ ಹೇಳಿದಳು. ಯಾವುದಕ್ಕೆ ಹೊಟ್ಟೆಕಿಚ್ಚೆಂದು ಕೋಚ್ ಕೇಳಲಿಲ್ಲ. ಬಹುಶಃ ಅವಳಿಗೆ ಗೊತ್ತಿತ್ತು.

ಅವಳು ಎರಡು ಪುಟವನ್ನೂ ಪೂರ್ತಿ ಓದಿದಳು. ಅರ್ಥವಾಗುವಂತಿದೆ ಎಂದಳು. ಆಮೇಲೆ ನಾಲ್ಕಾಗಿ ಮಡಿಸಿ ಚೀಲಕ್ಕೆ ಹಾಕಿಕೊಂಡು, "ಬೇಜಾರು ಮಾಡ್ಕೋಬೇಡಿ ಮೇಡಂ. ಇದನ್ನ ಇನ್ನೊಬ್ಬ ವಕೀಲರಿಗೆ ತೋರಿಸಿ ಆಮೇಲೆ ಕೊಡ್ತೀನಿ ಎಲ್ಲರಿಗೂ," ಎಂದಳು.

"ತೋರಿಸಿ. ತೋರಿಸಲೇಬೇಕು," ಎಂದಳು ವಕೀಲೆ. ಇಪ್ಪತ್ತು ವರ್ಷದ ಕಸುಬಿನಲ್ಲಿ ಅವಳ ಬರಹವನ್ನು ಇನ್ನೊಬ್ಬರ ಬಳಿ ಒರೆಗೆ ಹಚ್ಚುತ್ತೇನೆ ಎಂದು ಮುಖಕ್ಕೇ ಹೇಳಿದವರು ಯಾರೂ ಇರಲಿಲ್ಲ. ಇಳಿಯುವಾಗ ಮೆಟ್ಟಿಲು ಹತ್ತುವಾಗಿನದಕ್ಕಿಂತ ಕಡಿದಾಗಿ ಕಂಡಿತು.

ಆ ಇನ್ನೊಬ್ಬ ವಕೀಲರು ಒಂದು ಸಾಲು ಸೇರಿಸಿದರು: ಎದೆನೋವು ಬಂದರೆ, ತಲೆ ತಿರುಗಿದರೆ ನಡಿಗೆ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಬೇಕು ಅಂತ. ಇರಬೇಕಾದ ಸಾಲೇ, ಒಂಬತ್ತು ಪುಟದಲ್ಲಿ ಸಾವನ್ನು ಮೂರು ಸಲ ಬರೆದವಳಿಗೆ ಅದು ಹೊಳೆದಿರಲಿಲ್ಲ. ಹನ್ನೊಂದು ಜನರಲ್ಲಿ ಏಳು ಜನ ತಿರುಗಿ ಬಂದರು. ನಾಲ್ಕು ಜನ ಬರಲೇ ಇಲ್ಲ, ಪಕ್ಕದ ಮನೆಯಾಕೆಯೂ ಅವರಲ್ಲಿ ಒಬ್ಬಳು. ವಕೀಲೆ ತಾನೇ ಹೋಗಿ ತಿಳಿಸಿ ಹೇಳಿದರೂ ಕೇಳಲಿಲ್ಲ.

ಮುಂದಿನ ತಿಂಗಳ ತಪಾಸಣೆಗೆ ವಕೀಲೆ ತನ್ನ ಎರಡು ಕೇಸುಗಳಿಗೆ ಬೇರೆ ದಿನ ಕೇಳಿಕೊಂಡು ತಾಯಿಯ ಜೊತೆ ಹೋದಳು. ತಲೆ ತಿರುಗೋದು ಹೇಗಿದೆ ಎಂದು ಡಾಕ್ಟರು ಕೇಳಿದಾಗ ಉತ್ತರ ಅವಳ ನಾಲಗೆಯ ತುದಿಯವರೆಗೂ ಬಂದಿತ್ತು, ಕಷ್ಟಪಟ್ಟು ನುಂಗಿಕೊಂಡಳು. ತಾಯಿ ನಿಧಾನಕ್ಕೆ, ತಪ್ಪದೆ, ತಾನೇ ಎಲ್ಲ ಹೇಳಿದಳು. ಹೊಸ ಮಾತ್ರೆ ಒಗ್ಗಿದೆ, ಅದನ್ನೇ ಮುಂದುವರಿಸಿ ಎಂದರು ಡಾಕ್ಟರು.

ಹೊರಗೆ ಬಂದು, ಹೋಗೋಣವಾ ಎಂದು ಮಗಳು ಕೇಳಿದಳು. ಒಂದು ನಿಮಿಷ ಎಂದು ತಾಯಿ ಕೈಚೀಲ ಅವಳ ಕೈಗೆ ಕೊಟ್ಟು, ಫೋನು ತೆಗೆದು ಕೋಚಿಗೆ ಮಾಡಿದಳು. ಡಾಕ್ಟರು ಅಂದದ್ದನ್ನೆಲ್ಲ ಮೊದಲಿನಿಂದ ಹೇಳತೊಡಗಿ, ನಡುವೆ ಎರಡು ಸಲ ಜೋರಾಗಿ ನಕ್ಕಳು. ವಕೀಲೆ ಕಂಬಕ್ಕೆ ಒರಗಿ ನಿಂತಳು. ಉರಿ ಹೋಯಿತು ಎಂದರೆ ಸುಳ್ಳಾಗುತ್ತದೆ. ಅವಳು ಗಡಿಯಾರ ನೋಡಿಕೊಂಡಳು, ಕೈಚೀಲ ಹಿಡಿದು ಕಾದಳು. ಮಾತು ಮುಗಿಯಲು ಹನ್ನೊಂದು ನಿಮಿಷ ಹಿಡಿಯಿತು.