ನೆಟ್ಟಗೆ ಮಲಗಿಸುವುದು

ಡ್ರಿಲ್ ಟೀಚರ್ ಬೆಳಗಿನ ಜಾವ ತೀರಿಕೊಂಡರು. ವೃದ್ಧಾಶ್ರಮದಲ್ಲಿ ಅದೇನು ದೊಡ್ಡ ಸುದ್ದಿಯಲ್ಲ. ಆದರೆ ಅವರು ಆರಿಸಿಕೊಂಡ ದಿನ ಸರಿಯಿರಲಿಲ್ಲ. ಅಂದು ಮಾನವೀಯ ಸಂಸ್ಥೆಗಳಿಗೆ ಕೊಡುವ ಪ್ರಶಸ್ತಿಯ ಸಮಿತಿ ಪರಿಶೀಲನೆಗೆ ಬರುವುದಿತ್ತು. ಮ್ಯಾನೇಜರ್ ಗೋಡೆಗಳಿಗೆ ಬಣ್ಣ ಹೊಡೆಸಿದ್ದ, ಹೊಸ ಹೊದಿಕೆ ತರಿಸಿದ್ದ, ಅಜ್ಜ ಅಜ್ಜಿಯರನ್ನು ಸಾಲಾಗಿ ಕೂರಿಸಿ ನಗುವುದನ್ನೂ ಅಭ್ಯಾಸ ಮಾಡಿಸಿದ್ದ. ಹಲ್ಲಿಲ್ಲದವರು ಬಾಯಿ ಮುಚ್ಚಿಕೊಂಡು ನಗಬೇಕೆಂದು ತಾಕೀತಾಗಿತ್ತು.

"ಮಲಗಿದ್ದಾರೆ ಅನ್ನೋಣ ಸಿಸ್ಟರ್," ಅಂದ ಅವನು, ಬಾಗಿಲಲ್ಲೇ ನಿಂತು. "ಸಮಿತಿಯವರು ಹೋಗೋವರೆಗೆ ಅಷ್ಟೆ. ಗೋಡೆ ಕಡೆ ಮುಖ ಮಾಡಿ ಮಗ್ಗುಲಿಗೆ ಒರಗಿಸಿಬಿಡಿ. ಟೀಚರ್ ತಮ್ಮನಿಗೆ ಸೀರಿಯಸ್ ಅಂತ ಹೇಳಿದೀನಿ, ಸಂಜೆ ಬರ್ತಾರೆ."

"ಈಗ ಹೇಗೆ ಮಲಗಿಸ್ತೀವೋ ಹಾಗೇ ಸೆಟೆದುಕೊಳ್ಳುತ್ತೆ ಸಾರ್," ಅಂದಳು ನರ್ಸ್. "ಆಮೇಲೆ ನೆಟ್ಟಗೆ ಮಾಡೋದು ಕಷ್ಟ."

"ಅಂಗಾತ ಮಲಗಿಸಿದ್ರೆ ಹೆಣ ಅಂತ ಯಾರಿಗಾದ್ರೂ ಗೊತ್ತಾಗುತ್ತಲ್ಲ."

ನೆಟ್ಟಗೆ ಅನ್ನುವ ಮಾತು ನರ್ಸ್ ಬಾಯಿಗೆ ಸುಮ್ಮನೆ ಬಂದಿರಲಿಲ್ಲ. ಟೀಚರ್ ಜೀವಮಾನವಿಡೀ ಶಾಲೆಯ ಮೈದಾನದಲ್ಲಿ ಸೀಟಿ ಊದುತ್ತ, ಮಕ್ಕಳ ಬೆನ್ನಿಗೆ ಬೆರಳಿನಿಂದ ತಿವಿಯುತ್ತ ಕಳೆದವರು. ಇಲ್ಲಿಗೆ ಬಂದ ಮೇಲೂ ಆ ಚಾಳಿ ಬಿಡಲಿಲ್ಲ. ಮ್ಯಾನೇಜರನ ಬೆನ್ನಿಗೂ ಒಮ್ಮೆ ತಿವಿದಿದ್ದರು. ಮಲಗುವುದೂ ಅಂಗಾತ, ಕೈ ಎರಡೂ ಪಕ್ಕಕ್ಕೆ. ಹೋದ ತಿಂಗಳು ಔಷಧಿ ಕುಡಿಸುವಾಗ ನರ್ಸ್ ಕೈ ಹಿಡಿದುಕೊಂಡು ಹೇಳಿದ್ದರು: "ನೋಡು ಕಣೇ, ಹೋದ ಮೇಲೆ ನನ್ನನ್ನ ಬಟ್ಟೆ ಗಂಟಿನ ಹಾಗೆ ಮುದುರಿ ಕಳಿಸಬೇಡ. ನೆಟ್ಟಗೆ ಮಲಗಿಸು. ನಾನು ಮಕ್ಕಳಿಗೆ ಹೇಳಿಕೊಟ್ಟಿದ್ದು ಅದೊಂದೇ." ಆಗಲಿ ಟೀಚರ್ ಅಂದಿದ್ದಳು ಇವಳು.

ಅಂದಿದ್ದವಳು ಈಗ ಒರಗಿಸಿದಳು. ಕೆಲಸ ಹೋದೀತೆಂಬ ಭಯ ಇತ್ತು, ಸುಳ್ಳೇಕೆ. ಅದಕ್ಕಿಂತ ಹೆಚ್ಚಾಗಿ, ಯಾರಾದರೂ ಮಾಡು ಅಂದರೆ ಮಾಡಿಬಿಡುವುದು ಅವಳ ಕೈಗಳಿಗೆ ರೂಢಿಯಾಗಿಬಿಟ್ಟಿತ್ತು. ಮಾಡಿದ್ದನ್ನು ಅಚ್ಚುಕಟ್ಟಾಗಿ ಬೇರೆ ಮಾಡಿದಳು. ಮೊಣಕಾಲು ಮಡಿಸಿ ನಡುವೆ ದಿಂಬಿಟ್ಟಳು, ಬಲಗೈಯನ್ನು ಕೆನ್ನೆಯ ಕೆಳಗೆ ಸೇರಿಸಿದಳು, ಒಂದು ಎಳೆ ಕೂದಲನ್ನು ಹಣೆಯ ಮೇಲೆ ಬಿಟ್ಟಳು. ಮ್ಯಾನೇಜರ್ ನೋಡಿ ಭೇಷ್ ಅಂದ. ಆ ಭೇಷ್ ಕೇಳಿ ಒಂದು ಗಳಿಗೆ ಅವಳಿಗೆ ಖುಷಿಯಾಯಿತು. ಮರುಗಳಿಗೆಯೇ ತನ್ನ ಮೇಲೆ ತನಗೇ ಅಸಹ್ಯ ಹುಟ್ಟಿ, ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಹಚ್ಚಿ ಕೈ ತೊಳೆದಳು.

ಬೆಳಗ್ಗೆಯೇ ಬರಬೇಕಾದ ಸಮಿತಿ ಮಧ್ಯಾಹ್ನ ದಾಟಿಸಿ ಬಂತು. ದೊಡ್ಡವರು ತಡವಾಗಿ ಬರದಿದ್ದರೆ ದೊಡ್ಡವರೆಂದು ತಿಳಿಯುವುದಾದರೂ ಹೇಗೆ? ಅಷ್ಟು ಹೊತ್ತೂ ನರ್ಸ್ ನೆಪ ಮಾಡಿಕೊಂಡು ಆ ಕೋಣೆಗೆ ಹೋಗಿ ಹೋಗಿ ಬಂದಳು. ಹೋದಾಗಲೆಲ್ಲ ಹೊದಿಕೆಯೊಳಗೆ ಕೈ ಹಾಕಿ ಮೊಣಕಾಲು ಮುಟ್ಟಿ ನೋಡುತ್ತಿದ್ದಳು. ಮೊದಲು ದವಡೆ ಬಿಗಿಯಿತು, ಆಮೇಲೆ ಮೊಣಕೈ. ಊಟದ ಹೊತ್ತಿಗೆ ಮೊಣಕಾಲೂ ಮಾತು ಕೇಳುವುದನ್ನು ನಿಲ್ಲಿಸಿತು.

ಸಮಿತಿಯ ಅಧ್ಯಕ್ಷರು ನಿವೃತ್ತ ಪ್ರೊಫೆಸರ್, ಮಾನವತಾವಾದದ ಮೇಲೆ ದಪ್ಪ ಪುಸ್ತಕ ಬರೆದವರು. ಕನ್ನಡಕವನ್ನು ದಾರಕ್ಕೆ ಕಟ್ಟಿ ಎದೆಯ ಮೇಲೆ ಇಳಿಬಿಟ್ಟಿದ್ದರು. ಟೀಚರ ಕೋಣೆಗೆ ಬಂದಾಗ ಮ್ಯಾನೇಜರ್ ತುಟಿಗೆ ಬೆರಳಿಟ್ಟು, "ಈಗಷ್ಟೇ ಕಣ್ಣು ಮುಚ್ಚಿದಾರೆ ಸರ್," ಅಂದ. ಅವನ ಧೈರ್ಯಕ್ಕೆ ನರ್ಸ್ ದಂಗಾದಳು.

"ಎಂಥ ನೆಮ್ಮದಿಯ ನಿದ್ದೆ," ಅನ್ನುತ್ತ ಪ್ರೊಫೆಸರ್ ಬಗ್ಗಿದರು. ಫೋಟೋದವನು ಕ್ಯಾಮೆರಾ ಎತ್ತಿದ. ಅವರು ಟೀಚರ ಎಡಗೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಳ್ಳಲು ಹೋದರು. ಕೈ ಬರಲಿಲ್ಲ.

ನರ್ಸ್ ಅವರ ಮುಖ ನೋಡುತ್ತಿದ್ದಳು. ಗೊತ್ತಾಯಿತು ಅವರಿಗೆ. ತಲೆಯೆತ್ತಿ ಅವಳನ್ನು ನೋಡಿದರು. ಈಗ ಕೇಳುತ್ತಾರೆ, ಕೇಳಿದರೆ ಹೇಳಿಬಿಡುತ್ತೇನೆ, ಆದದ್ದಾಗಲಿ, ಅಂದುಕೊಂಡಳು ಅವಳು. ಪ್ರೊಫೆಸರ್ ಕೈಯನ್ನು ಮೆಲ್ಲನೆ ಬಿಟ್ಟರು. ಫೋಟೋ ಮುಗಿಯುವವರೆಗೆ ಮುಗುಳ್ನಕ್ಕರು. ಆಮೇಲೆ ಕರವಸ್ತ್ರ ತೆಗೆದು ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು. "ನಿದ್ದೆ ಕೆಡಿಸೋದು ಬೇಡ, ನಡೀರಿ," ಅಂದರು.

ಹಾಲ್‌ನಲ್ಲಿ ಭಾಷಣವಾಯಿತು. ಗೋಡೆಯಾಚೆಯಿಂದ ಎಲ್ಲ ಕೇಳುತ್ತಿತ್ತು. ಮಾನವತಾವಾದ ಸತ್ತುಹೋಯಿತು ಎನ್ನುವವರು ಇಲ್ಲಿಗೆ ಬಂದು ನೋಡಲಿ, ಅದು ಇಲ್ಲಿ ಉಸಿರಾಡುತ್ತಿದೆ, ಅಂದರು ಪ್ರೊಫೆಸರ್. ಚಪ್ಪಾಳೆ ಬಿತ್ತು. ನರ್ಸ್ ಬಾಗಿಲು ಹಾಕಿ, ಹೊದಿಕೆ ಸರಿಸಿ, ದಿಂಬು ತೆಗೆದು, ಮಂಚದ ಮೇಲೆ ಕೂತು ಟೀಚರ ಮೊಣಕಾಲನ್ನು ತಿಕ್ಕತೊಡಗಿದಳು. ಮೆಲ್ಲಗೆ ತಿಕ್ಕಿ ಬಗ್ಗಿಸಿದರೆ ಬಿಗಿ ಸಡಿಲಾಗುತ್ತದೆ. ಜೋರು ಮಾಡಿದರೆ ಮೂಳೆ ಮುರಿಯುತ್ತದೆ. ಒಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ. ತೊಡೆ ಹಿಡಿದರೆ ಪಾದ ಜಾರುತ್ತಿತ್ತು, ಪಾದ ಹಿಡಿದರೆ ಇಡೀ ಮೈ ಹೊರಳುತ್ತಿತ್ತು.

ಬಾಗಿಲು ತೆರೆಯಿತು. ಪ್ರೊಫೆಸರ್.

"ಕನ್ನಡಕ ಮರೆತೆ," ಅಂದರು. ಕನ್ನಡಕ ಎದೆಯ ಮೇಲೇ ತೂಗುತ್ತಿತ್ತು.

ಅವಳು ತಿಕ್ಕುತ್ತಲೇ ಇದ್ದಳು.

"ಯಾವಾಗ ಹೋದರಮ್ಮಾ?"

"ಬೆಳಗ್ಗೆ. ನೀವು ಕೈ ಒರೆಸಿಕೊಂಡಾಗ ಹೋಗಿ ತುಂಬಾ ಹೊತ್ತಾಗಿತ್ತು."

ಅವರ ಮುಖ ಕೆಂಪಾಯಿತು. "ಅಷ್ಟು ಜನರ ಮುಂದೆ..." ಅಂದು ನಿಲ್ಲಿಸಿದರು. "ಯಾರನ್ನಾದರೂ ಕಳಿಸಲಾ?"

"ಯಾರೂ ಬೇಡ. ಈ ಪಾದ ಹಿಡ್ಕೊಳ್ಳಿ."

ಅವರು ಪಾದವನ್ನು ನೋಡಿದರು. ಹಾಲ್‌ನಿಂದ ಯಾರೋ ಸರ್ ಎಲ್ಲಿ, ಸರ್ ಎಲ್ಲಿ ಅಂತ ಹುಡುಕುತ್ತಿದ್ದರು. ಪ್ರೊಫೆಸರ್ ಬಾಗಿಲು ಹಾಕಿದರು. ಬಂದು ಎರಡೂ ಕೈಯಿಂದ ಪಾದ ಹಿಡಿದರು. ಸ್ವಲ್ಪ ಹೊತ್ತಿಗೆ ಅಭ್ಯಾಸಬಲ ಮೇಲೆ ಬಂತು. "ನಿಜ ಹೇಳಬೇಕಂದ್ರೆ ಮನುಷ್ಯತ್ವ ಅನ್ನೋದು ಇಂಥ..." ಎಂದು ಶುರು ಮಾಡಿದರು.

"ಮಾತಾಡಬೇಡಿ ಸರ್. ಗಟ್ಟಿಯಾಗಿ ಹಿಡ್ಕೊಳ್ಳಿ."

ಅವರು ಬಾಯಿ ಮುಚ್ಚಿದರು. ಹೊರಗೆ ಟೀಚರ ತಮ್ಮನ ದನಿ ಕೇಳಿಸುವವರೆಗೆ ಇಬ್ಬರೂ ತಿಕ್ಕಿದರು, ಎಳೆದರು, ಬೆವರಿದರು. ಎಡಗಾಲು ಚಾಚಿತು. ಬಲಗಾಲು ಅರ್ಧಕ್ಕೆ ನಿಂತಿತು. ಕೆನ್ನೆಯ ಕೆಳಗೆ ಅವಳೇ ಸೇರಿಸಿದ್ದ ಕೈ ಅಲ್ಲಾಡಲೇ ಇಲ್ಲ.

"ತಪ್ಪಾಯ್ತು ಟೀಚರ್," ಅಂದಳು ನರ್ಸ್, ಮತ್ತೆ ಆ ಮೊಣಕಾಲಿಗೇ ಕೈ ಹಾಕುತ್ತ.