ಸಾಹೇಬರ ಸ್ಟಾಪುಗಳು

ನಾಯಿಯ ಹಗ್ಗದ ಕೊಕ್ಕೆ ಮತ್ತೆ ಜಾರಿತು. "ನಿಂತ್ಕೋ ಅಂದ್ರೆ ನಿಂತ್ಕೋಬೇಕು!" ಎಂದು ಟೈಮ್‌ಕೀಪರ್ ಗದರಿದರು. ನಾಯಿ ನಿಲ್ಲಲಿಲ್ಲ. ಕೊರಳಪಟ್ಟಿಯ ಉಂಗುರ ಇನ್ನೇನು ಬೆರಳಿಗೆ ಸಿಕ್ಕಿತು ಅನ್ನುವಷ್ಟರಲ್ಲಿ ಅದು ಕೊನೆಯ ದರ್ಶನಕ್ಕೆ ಬಂದವರ ಕಾಲುಗಳ ನಡುವೆ ನುಸುಳಿ ನಡುಮನೆಗೆ ಹೋಗುವುದು, ಅಲ್ಲಿ ಮಲಗಿಸಿದ್ದ ಅವರ ಹೆಂಡತಿಯ ಪಾದ ಮೂಸುವುದು, ಮತ್ತೆ ಬಾಗಿಲಿಗೆ ಓಡಿಬರುವುದು. ಬೆಳಗಿನಿಂದ ಇದೇ ನಡೆದಿತ್ತು.

"ಕಟ್ಟಿಹಾಕಿ ಭಾವ. ಎಲ್ಲರ ಕಾಲಿಗೂ ಅಡ್ಡ ಬರ್ತಿದೆ," ಎಂದ ಬಾಮೈದ.

"ಬೇಡ ಮಾಮ, ನಿನ್ನೆಯಿಂದ ಅದು ಹೊರಗೇ ಹೋಗಿಲ್ಲ," ಎಂದಳು ಮಗಳು. ಅತ್ತು ಅತ್ತು ಅವಳ ದನಿ ಬಿದ್ದುಹೋಗಿತ್ತು. "ಅಪ್ಪ, ನೀವೇ ಒಂದು ಸುತ್ತು ಕರ್ಕೊಂಡು ಹೋಗಿ ಬನ್ನಿ. ಅಮ್ಮನ್ನ ಕರ್ಕೊಂಡು ಹೋಗೋ ವ್ಯಾನ್ ಬರೋಕೆ ಇನ್ನೂ ಹೊತ್ತಿದೆ. ನೀವೂ ಒಂದು ಕಡೆ ಕೂತಿಲ್ಲ."

ಕೂರುವುದಾದರೂ ಹೇಗೆ? ಬಸ್ ಡಿಪೋದಲ್ಲಿ ಗಡಿಯಾರ ನೋಡುತ್ತಲೇ ಆಯಸ್ಸು ಸವೆಸಿದವರು, ನಿವೃತ್ತರಾದ ಮೇಲೂ ಬೀದಿಯವರ ಬಾಯಲ್ಲಿ ಟೈಮ್‌ಕೀಪರ್ ಆಗಿಯೇ ಉಳಿದವರು. ಬಂದವರಿಗೆಲ್ಲ ಅವರದು ಒಂದೇ ಮಾತು: "ಮೊನ್ನೆ ಸಂಜೆ ಕೂಡ ನಾಯಿ ಕರ್ಕೊಂಡು ಹೋಗಿ ಬಂದ್ಲು. ಚೆನ್ನಾಗೇ ಇದ್ಲು. ಇದ್ದಕ್ಕಿದ್ದ ಹಾಗೆ ಹೋಗ್ಬಿಡೋದಂದ್ರೆ?" ಕೇಳಿದವರು, ಪುಣ್ಯವಂತೆ, ನರಳಲಿಲ್ಲ ಎನ್ನುವರು. ಅದರಿಂದ ಅವರಿಗೆ ಸಮಾಧಾನವಾಗುತ್ತಿರಲಿಲ್ಲ. ಒಂದು ಸುಳಿವೂ ಕೊಡದೆ ಎದ್ದುಹೋದಳಲ್ಲ ಎಂದು ಅವರಿಗೆ ಸಿಟ್ಟು. ಅವಳಿಗೆ ಮೊದಲೇ ಗೊತ್ತಿತ್ತೇ? ಗೊತ್ತಿದ್ದರೆ ತನಗೇಕೆ ಹೇಳಲಿಲ್ಲ?

"ಆ ಹಗ್ಗ ಬೇಡ ಅಣ್ಣ," ಎಂದಳು ಪಕ್ಕದ ಮನೆಯ ಟೈಲರಮ್ಮ. ಅವರ ಕೈಯಲ್ಲಿದ್ದ ಉದ್ದನೆಯ ಚರ್ಮದ ಹಗ್ಗವನ್ನು ಗೂಟಕ್ಕೆ ಸಿಕ್ಕಿಸಿ, ಗಿಡ್ಡದೊಂದನ್ನು ತೆಗೆದುಕೊಟ್ಟಳು. "ಈಗೀಗ ಅಕ್ಕ ಇದನ್ನೇ ಒಯ್ತಿದ್ರು. ಹಿಡಿಕೆ ನಾನೇ ಹೊಲಿದುಕೊಟ್ಟೆ. ಒಳಗೆ ಸ್ಪಂಜ್ ಇಟ್ಟು ದಪ್ಪ ಮಾಡು, ಬೆರಳು ಬಿಗಿಯಾಗಿ ಮಡಚೋಕೆ ಆಗ್ತಿಲ್ಲ ಅಂದ್ರು."

"ಬೆರಳಿಗೇನಾಗಿತ್ತು?"

"ಚಳಿಗೆ ಅಂದ್ರು. ನಾನೂ ನಂಬಿದೆ." ಅವಳು ನಾಯಿಯನ್ನು ತೊಡೆಗಳ ನಡುವೆ ಹಿಡಿದುಕೊಂಡಳು. ಕೊಕ್ಕೆ ಉಂಗುರಕ್ಕೆ ಬಿತ್ತು.

*

ಭಾನುವಾರ ಬಂತೆಂದರೆ ಹೆಂಡತಿ ಬಕೆಟ್ ಮುಂದಿಟ್ಟುಕೊಂಡು ಕೂರುತ್ತಿದ್ದಳು. ನಾಯಿಯ ಬಟ್ಟೆಯ ಹಗ್ಗಕ್ಕೆ ಬೆಚ್ಚಗಿನ ಸೋಪಿನ ನೀರು, ನೆರಳಲ್ಲಿ ಒಣಗುವ ಭಾಗ್ಯ. ಚರ್ಮದ್ದಕ್ಕೆ ಎಣ್ಣೆ. ಕೊಕ್ಕೆಯ ಸ್ಪ್ರಿಂಗಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು.

"ನನ್ನ ಶೂಗೆ ಒಂದು ದಿನ ಪಾಲಿಶ್ ಹಾಕಿದ್ದಿಲ್ಲ. ನಾಯಿಗೆ ನೋಡು, ರಾಜೋಪಚಾರ!"

"ನಿಮ್ಮ ಶೂ ಕಿತ್ತುಹೋದ್ರೆ ನೀವು ಬರಿಗಾಲಲ್ಲಿ ಮನೆಗೆ ಬರ್ತೀರಿ. ಈ ಕೊಕ್ಕೆ ಬಿಟ್ಕೊಂಡ್ರೆ ಸಾಹೇಬ್ರು ಲಾರಿ ಕೆಳಗೆ ಹೋಗ್ತಾರೆ."

ಸಾಹೇಬರೆಂದರೆ ನಾಯಿ. ಬೀದಿಯಲ್ಲಿ ನಿಂತ ಗಾಡಿಗಳ ಟೈರುಗಳನ್ನೆಲ್ಲ ತಪಾಸಣೆ ಮಾಡದೆ ಮುಂದೆ ಹೋಗುವ ಪ್ರಾಣಿಯಲ್ಲ ಅದು.

"ಮತ್ತೆ ಹೊಸ ಹಗ್ಗ! ಆಗ ಉದ್ದ, ಈಗ ಗಿಡ್ಡ. ಏನೇ ನಿನ್ನ ಶೋಕಿ?"

"ಗಿಡ್ಡ ಇದ್ರೆ ಪಕ್ಕದಲ್ಲೇ ಇರುತ್ತೆ ಕಣ್ರೀ, ಎಳೆಯಲ್ಲ."

"ಹಾಗಾದ್ರೆ ಬೇಗ ಬರಬೇಕಲ್ಲ? ಮೊದಲೆಲ್ಲ ಹಾಲು ಉಕ್ಕೋದ್ರೊಳಗೆ ಸುತ್ತು ಮುಗಿಸ್ತಿದ್ದೆ. ಈಗ ನಮ್ಮ ಡಿಪೋ ಗಾಡಿಗಿಂತ ಲೇಟು."

"ನಾನೇನ್ ಮಾಡ್ಲಿ? ಸಾಹೇಬ್ರು ಅಲ್ಲಲ್ಲಿ ಕೂತ್ಬಿಡ್ತಾರೆ. ನಿಮ್ಮ ಬಸ್ಸಿನ ಭಾಷೆನೇ ಕಲಿಸಿದೀನಿ. ಹೋಲ್ಡಾನ್ ಅಂದ್ರೆ ನಿಲ್ತಾರೆ, ರೈಟ್ ಅಂದ್ರೆ ಹೊರಡ್ತಾರೆ. ರೈಟ್ ಅನ್ನೋವರೆಗೂ ಜಪ್ಪಯ್ಯ ಅಂದ್ರೂ ಏಳಲ್ಲ."

"ಸೋಮಾರಿ ನಾಯಿ!"

"ಹೂಂ, ಮಹಾ ಸೋಮಾರಿ," ಎಂದು ಅವಳು ನಕ್ಕಿದ್ದಳು.

*

ಬೀದಿಯ ಮೊದಲ ಕಂಬದಲ್ಲೇ ನಾಯಿ ಬಹಳ ಹೊತ್ತು ಕಾಲೆತ್ತಿ ನಿಂತಿತು. ಆಮೇಲೆ ಎಳೆಯಲಿಲ್ಲ, ಅವರ ಮೊಣಕಾಲಿಗೆ ಅಂಟಿಕೊಂಡು ನಡೆಯಿತು. ಟೈಮ್‌ಕೀಪರ್ ಬಿರಬಿರನೆ ಹೆಜ್ಜೆ ಹಾಕಿದರು. ಒಂದು ಸುತ್ತು ಮುಗಿಸಿ, ವ್ಯಾನ್ ಬರುವ ಮೊದಲೇ ಬಾಗಿಲಲ್ಲಿ ನಿಂತಿರಬೇಕು. ಇಂಥ ದಿನ ಲೇಟಾದರೆ ಏನು ಚೆಂದ?

ಮುಚ್ಚಿದ ಹಿಟ್ಟಿನ ಗಿರಣಿಯ ಜಗಲಿಯ ಮುಂದೆ ನಾಯಿ ಕೂತೇಬಿಟ್ಟಿತು.

"ಏಳೋ. ನಡಿ." ಎಳೆದರು. ಪಟ್ಟಿ ಕಿವಿಯವರೆಗೆ ಏರಿತೇ ಹೊರತು ನಾಯಿ ಏಳಲಿಲ್ಲ. ಥಟ್ಟನೆ ನೆನಪಾಯಿತು. "ರೈಟ್!" ಎಂದರು. ನಾಯಿ ಎದ್ದು ಹೊರಟಿತು.

ಪ್ರಿಂಟಿಂಗ್ ಪ್ರೆಸ್ಸಿನ ಮೆಟ್ಟಿಲ ಬಳಿ ಮತ್ತೆ ಕೂತಿತು. ರೈಟ್. ನೀರಿನ ಪಂಪ್‌ಹೌಸಿನ ಕಟ್ಟೆಯ ಬಳಿ ಮತ್ತೆ. ರೈಟ್. ಅವಳು ಹೇಳಿದ್ದು ನಿಜ, ಇದರಷ್ಟು ಮೈಗಳ್ಳ ಪ್ರಾಣಿ ಇನ್ನೊಂದಿಲ್ಲ ಎಂದು ಬೈದುಕೊಂಡೇ ನಡೆದರು. ಸ್ಟಾಪುಗಳು ಹತ್ತಿರ ಹತ್ತಿರವಾಗುತ್ತ ಬಂದವು.

ಮನೆಯ ಬೀದಿಗೆ ಹೊರಳುವ ಮೂಲೆಯಲ್ಲೊಂದು ಮೋಟುಗೋಡೆ. ನಾಯಿ ಅಲ್ಲಿಯೂ ಕೂತಿತು. ಇನ್ನು ನಾಲ್ಕು ಹೆಜ್ಜೆಗೆ ಮನೆ! "ಇಲ್ಲೂ ಏನೋ ನಿಂಗೆ?" ಎಂದು ರೇಗಿದರು. ಕಾಲು ನೋಯುತ್ತಿತ್ತು. ಗೋಡೆಯ ಮೇಲೆ ಕೂತರು.

ಕೂತ ಮೇಲೆ ತಿಳಿಯಿತು, ಅದು ಕೂರುವುದಕ್ಕೆ ಹೇಳಿಮಾಡಿಸಿದ ಎತ್ತರ. ಜಗಲಿ, ಮೆಟ್ಟಿಲು, ಕಟ್ಟೆ, ಎಲ್ಲವೂ ಅದೇ ಎತ್ತರ. ನಾಯಿ ಅವರತ್ತ ತಿರುಗಿ, ಗದ್ದವನ್ನು ಅವರ ಮೊಣಕಾಲ ಮೇಲಿಟ್ಟು, ಏರಿಳಿಯುತ್ತಿದ್ದ ಅವರ ಎದೆಯನ್ನೇ ನೋಡತೊಡಗಿತು.

ಅಲ್ಲಲ್ಲಿ ಕೂರುತ್ತಿದ್ದದ್ದು ನಾಯಿಯಲ್ಲ, ಅವಳು.

ಟೈಮ್‌ಕೀಪರ್ ಮೂಲೆಯತ್ತ ನೋಡಿದರು. ಇಲ್ಲಿಂದ ಮನೆಯ ಬಾಗಿಲು ಕಾಣುವುದಿಲ್ಲ. ಅವಳು ತಡ ಮಾಡಿದಳೆಂದು ಗಡಿಯಾರ ನೋಡುತ್ತ ತಾವು ನಿಲ್ಲುತ್ತಿದ್ದ ಬಾಗಿಲು ಅದು. ಅವಳು ಇಲ್ಲಿ ಕೂತು, ಏದುಸಿರು ಇಳಿದ ಮೇಲೆ ಎದ್ದು, ನಗುತ್ತ ಒಳಗೆ ಬರುತ್ತಿದ್ದಳು. ಲೇಟಾಯ್ತು ಎಂದು ತಾವು ಬೈಯುತ್ತಿದ್ದರು. ಬೈದ ಬಾಯಿಗೆ ಅವಳು ಹೇಳುವುದಾದರೂ ಏನನ್ನು? ಹಗ್ಗವನ್ನು ಬಿಗಿಹಿಡಿದರು. ಹಿಡಿಕೆಯ ಸ್ಪಂಜಿನಲ್ಲಿ ಬೆರಳುಗಳು ಒತ್ತಿದ ಗುಳಿಗಳಿದ್ದವು, ಅವರ ಬೆರಳುಗಳಿಗಿಂತ ಚಿಕ್ಕವು.

ಮೂಲೆಯಾಚೆ ವ್ಯಾನಿನ ಹಾರನ್ ಕೇಳಿಸಿತು. "ಅಪ್ಪಾ, ಎಲ್ಲಿದೀರಿ? ಟೈಮಾಯ್ತು!" ಎಂದು ಮಗಳು ಕೂಗಿದಳು.

ಬರುತ್ತೇನೆಂದು ಎದ್ದರು. ನಾಯಿ ಏಳಲಿಲ್ಲ. ಒಂದು ಮಾತು ಹೇಳಿದರೆ ಸಾಕಿತ್ತು. ಡಿಪೋದಲ್ಲಿ ಗಾಡಿಯ ಹಿಂದೆ ಗಾಡಿಯನ್ನು ಸಮಯಕ್ಕೆ ಸರಿಯಾಗಿ ಕಳಿಸಿಕೊಟ್ಟ ಮಾತು ಅದು. ಅವರು ಅದನ್ನು ಹೇಳದೆ ಮತ್ತೆ ಕೂತರು.

ಹಾರನ್ ಇನ್ನೊಮ್ಮೆ ಕೇಳಿಸಿತು. ನಾಯಿ ಕಿವಿ ನಿಮಿರಿಸಿಕೊಂಡು ಅವರ ಬಾಯನ್ನೇ ನೋಡುತ್ತ ಕೂತಿತ್ತು.