ಮೂಸಿ ಹೇಳು

ಗುಜರಿ ಅಂಗಡಿಯಿಂದ ಕೊಟ್ರಪ್ಪ ಹಳೇ ಪೇಪರಿನಲ್ಲಿ ಸುತ್ತಿಕೊಂಡು ತಂದದ್ದು ಏನೆಂದು, ಅವನು ಬಿಚ್ಚುವ ಮೊದಲೇ ಚನ್ನಬಸಮ್ಮನಿಗೆ ಗೊತ್ತಾಯಿತು. ಹೆಂಚಿನ ಮೇಲೆ ರೊಟ್ಟಿ ಬೇಯುತ್ತಿತ್ತು. ಆ ಘಮವನ್ನೂ ದಾಟಿಕೊಂಡು ಸುಟ್ಟ ಹೊಗೆಸೊಪ್ಪಿನ ವಾಸನೆ ಒಲೆಯವರೆಗೆ ಬಂತು. ಅವಳು ಹಿಟ್ಟಿನ ಕೈಯಲ್ಲೇ ಎದ್ದು ಹೊರಗಿನ ಕೋಣೆಗೆ ಬಂದಳು.

"ಏನ್ರೀ ಅದು?"

ಕೊಟ್ರಪ್ಪ ಮಾತಾಡಲಿಲ್ಲ. ಮಾತಾಡಬೇಕೆಂದರೆ ಜೇಬಿನಿಂದ ಟಾರ್ಚಿನಂಥ ಯಂತ್ರವೊಂದನ್ನು ತೆಗೆದು ಗದ್ದದ ಕೆಳಗೆ ಒತ್ತಿ ಹಿಡಿಯಬೇಕಿತ್ತು. ಗಂಟಲಿನ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ ಮೇಲೆ ಅವನು ಕುತ್ತಿಗೆಯ ಬುಡದಲ್ಲಿದ್ದ ತೂತಿನಿಂದ ಉಸಿರಾಡುತ್ತಿದ್ದ. ಯಂತ್ರದಿಂದ ಹೊರಡುತ್ತಿದ್ದದ್ದು ಡಬ್ಬಿಯೊಳಗೆ ದುಂಬಿ ಸಿಕ್ಕಿಕೊಂಡಂಥ ಒಂದೇ ಸಮನೆಯ ಗುಂಯ್‌ಗುಟ್ಟುವ ಮಾತು. ಓಣಿಯ ಮಕ್ಕಳು ಅದನ್ನು ಕೇಳಿ ಓಡಿಹೋದಂದಿನಿಂದ ಅವನು ಅದನ್ನು ತೆಗೆಯುವುದೇ ಅಪರೂಪವಾಗಿತ್ತು. ಉಸಿರು ಮೂಗಿನ ಕಡೆಗೆ ಹೋಗುವುದೂ ನಿಂತಿದ್ದರಿಂದ ವಾಸನೆ ಎನ್ನುವುದು ಅವನ ಪಾಲಿಗೆ ಇರಲೇ ಇಲ್ಲ.

ಪೇಪರು ಬಿಚ್ಚಿದ. ಒಳಗಿದ್ದದ್ದು ಸಿನಿಮಾದ ಸಾಹುಕಾರರ ಬಾಯಲ್ಲಿರುವಂಥ ಒಂದು ಪೈಪು. ಬಟ್ಟಲಿನ ಅಂಚೆಲ್ಲ ಸುಟ್ಟು ಕರಿ ಹಿಡಿದಿತ್ತು. ಬಾಯಿಗಿಡುವ ಕೊಳವೆ ಹಳದಿ ಹಸಿರಾಗಿ, ಅದರ ಮೇಲೆ ಯಾರದೋ ಹಲ್ಲಿನ ಗುರುತು ಬಿದ್ದಿತ್ತು.

"ನಿಮಗ ಬುದ್ಧಿ ಐತೇನ್ರೀ? ಕುತ್ತಿಗಿ ಕೊಯ್ಸಿಕೊಂಡು ಬಂದ್ರೂ ಸಾಕಾಗ್ಲಿಲ್ಲೇನು? ಮನಿಯಾಗ ಚಿಲುಮಿ ತಂದಿಟ್ಕೊಂತೀರಾ?"

ಆಗ ಯಂತ್ರ ಹೊರಬಂತು. "ಸೇದಾಕಲ್ಲ," ಅಂದ ಕೊಟ್ರಪ್ಪ. "ಕಟಿಗಿ. ಕಟಿಗಿ ನೋಡು."

ಕಟ್ಟಿಗೆಯ ಹುಚ್ಚು ಅವನಿಗೆ ಹೊಸದಲ್ಲ. ಮದುವೆಯಾದ ಹೊಸದರಲ್ಲೇ ಕೊಟ್ಟೂರಿನ ಕಡೆಯಿಂದ ಪೀಣ್ಯಕ್ಕೆ ಬಂದವನು, ಒಂದು ಫೌಂಡ್ರಿಯಲ್ಲಿ ಪ್ಯಾಟರ್ನ್ ಮೇಸ್ತ್ರಿಯಾಗಿದ್ದ. ಕಬ್ಬಿಣದ ಯಾವ ಭಾಗ ಎರಕ ಹೊಯ್ಯಬೇಕಾದರೂ ಮೊದಲು ಅದೇ ಆಕಾರವನ್ನು ಕಟ್ಟಿಗೆಯಲ್ಲಿ ಕಡೆದು ಮರಳಿನಲ್ಲಿ ಅಚ್ಚೊತ್ತಬೇಕು. ಆ ಕಟ್ಟಿಗೆಯ ಕೆಲಸ ಅವನದು. ಒಂದು ಕೈಯಲ್ಲಿ ಉಳಿ, ತುಟಿಯಲ್ಲಿ ಸಿಗರೇಟು. ಆಪರೇಷನ್ ಆದ ಮೇಲೆ ಧೂಳಿನ ಕಡೆ ಹೋಗಲೇಬಾರದೆಂದು ಡಾಕ್ಟರು ಹೇಳಿದರು, ಕೆಲಸವೂ ಹೋಯಿತು. ಮಾದನಾಯಕನಹಳ್ಳಿಯ ಬಾಡಿಗೆ ಮನೆಯಲ್ಲಿ ಕೂತು ಅವನು ಹೆಂಡತಿ ರೊಟ್ಟಿ ಬಡಿಯುವುದನ್ನೂ, ಗೋದಾಮಿನ ಕೂಲಿಯವರು ಬಂದು ಆ ರೊಟ್ಟಿ ಕಟ್ಟಿಸಿಕೊಂಡು ಹೋಗುವುದನ್ನೂ ನೋಡುತ್ತಿದ್ದ.

ಅವನ ಜೊತೆಗೇ ಫೌಂಡ್ರಿಯಲ್ಲಿದ್ದ ರಾಜೇಂದ್ರ ಈಗ ಪೀಣ್ಯದಲ್ಲಿ ಸ್ವಂತದ್ದೊಂದು ಪಾಲಿಶ್ ಅಂಗಡಿ ಇಟ್ಟುಕೊಂಡಿದ್ದ. ಭಾನುವಾರ ನೋಡಲು ಬಂದವನು ಪೈಪನ್ನು ತಿರುಗಿಸಿ ನೋಡಿ, ಮೊಬೈಲಿನಲ್ಲಿ ಏನೋ ಹುಡುಕಿದ.

"ಗುರು, ಇದನ್ನ ಬ್ರಯರ್ ಅಂತಾರಂತೆ. ಯಾವ್ದೋ ಗಿಡದ ಬೇರಿನ ಗಡ್ಡೆ ಕಣೋ. ಬೆಂಕಿ ಇಟ್ರೂ ಬೇಗ ಸುಡಲ್ಲ. ನಮ್ಮಂಗಡಿಗೆ ಬೈಕ್ ಸೈಲೆನ್ಸರ್ ಪಾಲಿಶ್ ಮಾಡ್ಸೋಕೆ ವೈಟ್‌ಫೀಲ್ಡಿಂದ ಒಬ್ರು ಬರ್ತಾರೆ, ಅವ್ರಿಗೆ ಇಂಥವೆಲ್ಲ ಅಂದ್ರೆ ಪ್ರಾಣ. ನೀನು ರೆಡಿ ಮಾಡು, ನಾನು ಹೇಳಿಡ್ತೀನಿ."

ಕೊಟ್ರಪ್ಪನ ಮುಖ ಅರಳಿದ್ದನ್ನು ಚನ್ನಬಸಮ್ಮ ನೋಡಿದಳು. 

ಮರುದಿನವೇ ಕೆಲಸ ಶುರುವಾಯಿತು. ಧೂಳು ಒಳಗೆ ಹೋಗಬಾರದೆಂದು ಅವಳು ಅವನ ಕುತ್ತಿಗೆಗೆ ಒದ್ದೆ ಬಟ್ಟೆ ಕಟ್ಟಿದಳು. ಅವನು ಸಣ್ಣ ಚಾಕುವಿನಿಂದ ಬಟ್ಟಲಿನ ಒಳಗೆ ಗಟ್ಟಿಯಾಗಿ ಕೂತಿದ್ದ ಮಸಿಯನ್ನು ಕೆರೆದು ಕೆರೆದು ತೆಗೆದ. ಆಮೇಲೆ ಬಟ್ಟಲಿನ ತುಂಬ ಉಪ್ಪು ಹಾಕಿ ಸ್ಪಿರಿಟ್ ತೊಟ್ಟಿಕ್ಕಿಸಿ ಇಟ್ಟ. ಬೆಳಗಾಗುವಷ್ಟರಲ್ಲಿ ಉಪ್ಪು ಕಂದುಬಣ್ಣಕ್ಕೆ ತಿರುಗಿತ್ತು. ಅದನ್ನು ಕೊಡವಿ, ಪೈಪನ್ನು ಅಂಗೈಯಲ್ಲಿಟ್ಟುಕೊಂಡು ಅಡುಗೆಮನೆಗೆ ಬಂದ.

"ಮೂಸಿ ಹೇಳು," ಅಂತು ಯಂತ್ರ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮೈ ಉರಿಯಿತು. "ನನ್ನ ಕೈಲಿ ಆಗಂಗಿಲ್ಲ. ಬೇಕಾದ್ರ ರಾಜಣ್ಣನ್ನ ಕೇಳ್ರಿ."

ಕೊಟ್ರಪ್ಪ ಹೋಗಲಿಲ್ಲ. ಬಾಗಿಲಿಗೆ ಒರಗಿಕೊಂಡು ಹಾಗೇ ಕೈ ಚಾಚಿ ನಿಂತ. ಕೊನೆಗೆ ಅವಳೇ ಬಗ್ಗಿ ಮೂಗು ತಂದಳು. ಮೊದಲು ಬಂದದ್ದು ಸ್ಪಿರಿಟ್ಟಿನ ಘಾಟು. ಅದರ ಹಿಂದೆಯೇ ಎರಡನೇ ಶಿಫ್ಟು ಮುಗಿಸಿ ಬಂದವನು ಗೂಟಕ್ಕೆ ನೇತುಹಾಕುತ್ತಿದ್ದ ಅಂಗಿಯ ವಾಸನೆ ಬಂತು. ಎಷ್ಟೋ ವರ್ಷ ಅದು ಅವಳಿಗೆ ಗಂಡ ಮನೆಯಲ್ಲಿದ್ದಾನೆ ಎನ್ನುವುದರ ಗುರುತಾಗಿತ್ತು. ಆಪರೇಷನ್ ಆದಂದಿನಿಂದ ಅವನ ಮೈಯಿಂದ ಬರುತ್ತಿದ್ದದ್ದು ಔಷಧಿ ಮತ್ತು ಕಫದ ವಾಸನೆ ಮಾತ್ರ. ಅವಳು ನಲ್ಲಿಗೆ ಹೋಗಿ ಮುಖ ತೊಳೆದುಕೊಂಡಳು. ಮುಖ ಒರೆಸಿಕೊಳ್ಳುತ್ತಲೇ ಹೇಳಿದಳು: "ಇನ್ನೂ ಐತಿ."

ಅವನು ತಲೆಯಾಡಿಸಿ ಹೋಗಿ ಮತ್ತೆ ಉಪ್ಪು ತುಂಬಿದ.

ಹೀಗೇ ಒಂದಷ್ಟು ದಿನ ನಡೆಯಿತು. ಬೆಳಗಿನ ರೊಟ್ಟಿಯ ಗದ್ದಲ ಮುಗಿಯುತ್ತಿದ್ದಂತೆ ಅವನು ಪೈಪು ಹಿಡಿದು ಬರುವುದು, ಅವಳು ಮೂಸುವುದು. "ಐತಿ." "ಐತಿ, ಕಡಿಮಿ ಆಗೈತಿ." ಒಂದು ದಿನ ಅವಳು "ಇವತ್ತು ಬರೇ ಅಡಗಿ ಉಪ್ಪಿನ ವಾಸನಿ ಬರಾಕತ್ತೈತಿ, ಸಾರಿಗೆ ಹಾಕ್ಲೇನು?" ಅಂದಾಗ ಕೊಟ್ರಪ್ಪ ನಕ್ಕುಬಿಟ್ಟ. ಅವನ ನಗುವಿಗೆ ಸದ್ದಿರಲಿಲ್ಲ, ಭುಜ ಮಾತ್ರ ಕುಣಿದವು. ಆಸ್ಪತ್ರೆಯಿಂದ ಬಂದ ಮೇಲೆ ಅವನು ನಕ್ಕದ್ದನ್ನು ಅವಳು ಕಂಡದ್ದು ಅದೇ ಮೊದಲು.

ಆ ವಾರವೇ, ಒದ್ದೆ ಬಟ್ಟೆ ಕಟ್ಟುವಾಗ, ಅವಳ ಬೆರಳಿಗೆ ದವಡೆಯ ಕೆಳಗೆ ಗಟ್ಟಿಯಾದದ್ದೇನೋ ಸಿಕ್ಕಿತು. ಅಡಿಕೆಯಷ್ಟು ದೊಡ್ಡದು. ಒತ್ತಿದರೆ ಜರುಗಲಿಲ್ಲ.

"ಇದು ಯಾವಾಗಿಂದ ಐತ್ರೀ?"

ಅವನು ಅವಳ ಕೈಯನ್ನು ಮೆಲ್ಲಗೆ ತೆಗೆದು ಯಂತ್ರ ಒತ್ತಿದ. "ಪೈಪು ತರೋಕಿಂತ ಮೊದಲಿಂದ."

ಆಸ್ಪತ್ರೆಯಲ್ಲಿ ಸ್ಕ್ಯಾನು ಆದ ಮೇಲೆ ಡಾಕ್ಟರು ಅವಳೊಬ್ಬಳನ್ನೇ ಕರೆದು ಕೂರಿಸಿದರು. "ಇನ್ನೊಂದು ಆಪರೇಷನ್ ತಡೆಯೋ ಸ್ಥಿತಿಲಿ ಅವ್ರಿಲ್ಲಮ್ಮ. ನೋವು ಬರದ ಹಾಗೆ ನೋಡ್ಕೊಳ್ಳೋಣ," ಅಂದರು. ಹೊರಗೆ ಬೆಂಚಿನ ಮೇಲಿದ್ದ ಕೊಟ್ರಪ್ಪ ಏನಂದರೆಂದು ಕೇಳಲಿಲ್ಲ. ಮನೆಗೆ ಬಂದು ಊಟ ಮಾಡಿ, ನೀರಿನ ಬಟ್ಟಲು, ನಯವಾದ ಎಮರಿ ಪೇಪರು ಇಟ್ಟುಕೊಂಡು ಪೈಪಿನ ಕೊಳವೆ ಉಜ್ಜತೊಡಗಿದ. ಹಳದಿ ಹೋಗಿ ಕಪ್ಪು ಮೂಡುತ್ತಿತ್ತು. ಚನ್ನಬಸಮ್ಮ ಗೋಡೆಗೆ ಒರಗಿ ಅವನ ಕೈಯನ್ನೇ ನೋಡುತ್ತಿದ್ದಳು. ಈ ಮನುಷ್ಯ ಸಾಯುತ್ತಿದ್ದಾನೆ. ತನ್ನನ್ನು ಸಾಯಿಸುತ್ತಿರುವುದನ್ನೇ ಕೂತು ತೊಳೆಯುತ್ತಿದ್ದಾನೆ. ಯಾರದೋ ಬಾಯಿಗಿಡಲಿಕ್ಕೆ. ಅಂದಿನಿಂದ ಅವಳಿಗೆ ಆ ಪೈಪನ್ನು ಕಂಡರೆ ಆಗದಾಯಿತು. ಮೂಸು ಅಂದಾಗ ಮೂಸುತ್ತಿದ್ದಳು, ಉಸಿರು ಹಿಡಿದುಕೊಂಡು.

ಕೊನೆಯ ಮೆರುಗನ್ನು ಅವನೂ ರಾಜೇಂದ್ರನೂ ಸೇರಿ ಪಾಲಿಶ್ ಅಂಗಡಿಯಲ್ಲಿ, ತಿರುಗುವ ಬಟ್ಟೆಯ ಚಕ್ರಕ್ಕೆ ಮೇಣ ಹಚ್ಚಿ ಕೊಟ್ಟರು. ಅಂಗಡಿಯಿಂದ ಬಂದ ಕೊಟ್ರಪ್ಪ ಅವಳ ಮುಂದೆ ಕರವಸ್ತ್ರ ಬಿಡಿಸಿದ. ಚೆನ್ನಾಗಿ ಕಾಯಿಸಿದ ಬೆಲ್ಲದ ಪಾಕದ ಬಣ್ಣ, ಅದರೊಳಗೆ ಸಣ್ಣ ಸಣ್ಣ ಉರಿಯ ನಾಲಿಗೆಗಳಂಥ ಗೆರೆಗಳು ಬುಡದಿಂದ ಮೇಲಕ್ಕೆದ್ದಿದ್ದವು. ಸುಟ್ಟ ಅಂಚು ಎಲ್ಲಿತ್ತೆಂದೇ ತಿಳಿಯುತ್ತಿರಲಿಲ್ಲ. ಅವಳು ಈ ಸಲ ನಿಜವಾಗಿಯೇ ಮೂಸಿದಳು. ಮೇಣದ ವಾಸನೆ ಬಿಟ್ಟರೆ ಏನೂ ಇರಲಿಲ್ಲ.

"ಹೋಗೈತಿ," ಅಂದಳು. ಅವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ, ದೂರದಿಂದ ನಡೆದು ಬಂದವನ ಹಾಗೆ.

ವೈಟ್‌ಫೀಲ್ಡಿನವರು ಭಾನುವಾರ ರಾಜೇಂದ್ರನ ಜೊತೆ ಬಂದರು. ಮೂವತ್ತೈದರ ಆಸುಪಾಸಿನ, ಮೆದು ಮಾತಿನ ಮನುಷ್ಯ. ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತು ಪೈಪನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕೊಟ್ರಪ್ಪ ಅಂಗಿಯ ಕಾಲರಿನ ಮೇಲೆ ಬಿಳಿ ಬಟ್ಟೆಯನ್ನು ಅಚ್ಚುಕಟ್ಟಾಗಿ ಕಟ್ಟಿಕೊಂಡಿದ್ದ. ಗಂಟಲು ಸರಿಯಿಲ್ಲ, ಮಾತಾಡೋದು ಕಷ್ಟ ಎಂದಷ್ಟೇ ರಾಜೇಂದ್ರ ಹೇಳಿ ಇಟ್ಟಿದ್ದ.

"ಸಾರ್, ಇದನ್ನ ನೀವೇ ಮಾಡಿದ್ದಾ? ನಂಬಕ್ಕೇ ಆಗ್ತಿಲ್ಲ." ಅವರು ಪೈಪನ್ನು ಖಾಲಿಯಾಗಿಯೇ ಬಾಯಿಗಿಟ್ಟು ಎಳೆದರು. "ಹಳೇ ವಾಸನೆ ಸ್ವಲ್ಪಾನೂ ಇಲ್ಲ. ಇವತ್ತು ಸಂಜೆನೇ ಶುರು ಮಾಡ್ತೀನಿ."

ಚನ್ನಬಸಮ್ಮ ಆಗ ಚಹಾ ತಂದಿದ್ದಳು. ಆಮೇಲೆ ಎಷ್ಟು ಸಲ ನೆನೆಸಿಕೊಂಡರೂ ಲೋಟಗಳನ್ನು ಎಲ್ಲಿ ಇಟ್ಟೆನೆಂಬುದು ಅವಳಿಗೆ ನೆನಪಾಗುತ್ತಿರಲಿಲ್ಲ. ಗಂಡನ ಹಿಂದೆ ಹೋಗಿ ನಿಂತದ್ದು, ಗಂಟು ಎಳೆದದ್ದು, ಬಿಳಿ ಬಟ್ಟೆ ಕೈಗೆ ಬಂದದ್ದು ಮಾತ್ರ ನೆನಪಿತ್ತು.

"ನೋಡ್ರಿ ಸಾರ್. ಛಲೋತ್ನಾಗಿ ನೋಡ್ರಿ. ಇವ್ರು ಉಸಿರಾಡೋದು ಇದ್ರಾಗಿಂದ. ಇನ್ನೊಂದು ಗಂಟು ಎದ್ದೈತಿ, ಇಲ್ಲಿ. ಇನ್ನ ಜಾಸ್ತಿ ದಿನ ಇಲ್ಲ ಅಂದಾರ. ಈಗ ಒಯ್ಯಿರಿ ನಿಮ್ಮ ಚಿಲುಮಿ, ಸಂಜಿಗೆ ಶುರು ಮಾಡ್ರಿ!"

ಕೊಟ್ರಪ್ಪ ಯಂತ್ರಕ್ಕಾಗಿ ಜೇಬು ತಡಕಾಡಿದ. ಸಿಗಲಿಲ್ಲ. ಬಟ್ಟೆಗೆ ಕೈ ಚಾಚಿದ, ಅವಳು ಕೊಡಲಿಲ್ಲ. ಕೊನೆಗೆ ನಾಚಿಕೆ ತಡೆಯಲಾರದೆ ಅವನು ಎರಡೂ ಅಂಗೈಯಿಂದ ಕುತ್ತಿಗೆಯ ತೂತನ್ನು ಮುಚ್ಚಿಕೊಂಡ. ಅವನಿಗಿದ್ದ ಉಸಿರಿನ ದಾರಿ ಅದೊಂದೇ. ಮುಖ ಕಪ್ಪಿಟ್ಟಿತು, ಕಣ್ಣು ಮೇಲಾಯಿತು, ಆದರೂ ಕೈ ತೆಗೆಯಲಿಲ್ಲ. ರಾಜೇಂದ್ರ ಹಾರಿ ಬಂದು ಕೈಗಳನ್ನು ಕಿತ್ತು ಹಿಡಿದ. ತೂತಿನಿಂದ ಗಾಳಿ ಸಿಳ್ಳೆಯಂತೆ ಒಳಗೆ ನುಗ್ಗಿತು.

ಬಂದವರು ಎದ್ದು ನಿಂತಿದ್ದರು. ಪೈಪನ್ನು ಕುರ್ಚಿಯ ಮೇಲಿಟ್ಟು, "ಸಾರಿ ಸಾರ್... ಸಾರಿ ಅಮ್ಮ," ಎನ್ನುತ್ತ ಹೊರಟುಹೋದರು.

ಅವತ್ತಿನಿಂದ ಕೊಟ್ರಪ್ಪ ಹೆಂಡತಿಯ ಜೊತೆ ಮಾತು ಬಿಟ್ಟ. ಊಟಕ್ಕಿಟ್ಟರೆ ಉಣ್ಣುತ್ತಿದ್ದ, ಯಂತ್ರವನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವಳು ಹಿಟ್ಟಿನ ಗಿರಣಿಗೆ ಹೋಗಿ ಬರುವಷ್ಟರಲ್ಲಿ ಮನೆಯಲ್ಲಿ ಅವನಿರಲಿಲ್ಲ, ಪೈಪೂ ಇರಲಿಲ್ಲ. ಓಣಿ ಓಣಿ ಹುಡುಕಿದಳು. ರಾಜೇಂದ್ರನಿಗೆ ಫೋನು ಮಾಡಿದಳು. ಅವನು ವೈಟ್‌ಫೀಲ್ಡಿನವರಿಗೆ ಫೋನು ಮಾಡಿ ವಿಚಾರಿಸಿ, ಮತ್ತೆ ಇವಳಿಗೆ ಮಾಡಿದ. "ಅಲ್ಲೇ ಕೂತಿದ್ದಾನಂತೆ ಅಕ್ಕಾ. ಮೊನ್ನೆ ನನ್ನ ಹತ್ರ ಅವರ ಅಡ್ರೆಸ್ ಬರೆಸ್ಕೊಂಡಿದ್ದ. ಬಸ್ಸಿನ ಮೇಲೆ ಬಸ್ಸು ಬದಲಾಯಿಸ್ಕೊಂಡು ಹೋಗಿದ್ದಾನೆ. ಅವರೇ ಕಾರಲ್ಲಿ ಕಳಿಸ್ತಾರಂತೆ."

ಸಂಜೆ ಕಾರಿನಿಂದಿಳಿದವನು ಬರಿಗೈಯಲ್ಲಿದ್ದ, ಹೆಜ್ಜೆ ಕಿತ್ತಿಡಲಾರದಷ್ಟು ದಣಿದಿದ್ದ. ಅಲ್ಲಿ ಏನಾಯಿತೆಂದು ಅವಳಿಗೆ ಗೊತ್ತಾದದ್ದು ರಾಜೇಂದ್ರನಿಂದ. ಕೊಟ್ರಪ್ಪ ಪೈಪನ್ನು ಮೇಜಿನ ಮೇಲಿಟ್ಟು, ಅವರೆದುರಿಗೇ ಯಂತ್ರ ತೆಗೆದು ಮಾತಾಡಿದನಂತೆ. ನಾನಿನ್ನು ಇದನ್ನ ಸೇದಬಾರದು ಅಲ್ವಾ ಸಾರ್ ಎಂದು ಅವರು ಕೇಳಿದ್ದಕ್ಕೆ, "ಅದು ನಿಮಗ ಬಿಟ್ಟಿದ್ದು. ನಾನು ಬಂದದ್ದು ಕೆಲಸ ತೋರಿಸಾಕ," ಎಂದು ಹೇಳಿ, ಕಟ್ಟಿಗೆಯ ಗೆರೆಗಳನ್ನು ಬೆರಳಿಟ್ಟು ತೋರಿಸಿದನಂತೆ.

ಆಮೇಲೆ ಅವನು ಮನೆಯಿಂದ ಹೊರಬೀಳಲಿಲ್ಲ. ಗಂಟು ದೊಡ್ಡದಾಗುತ್ತ ಬಂತು, ನುಂಗುವುದು ನಿಂತು ಗಂಜಿಯೂ ನಳಿಗೆಯಲ್ಲೇ ಆಯಿತು. ಚನ್ನಬಸಮ್ಮ ರೊಟ್ಟಿ ಕೆಲಸ ಬಿಟ್ಟು ಅವನ ಮಗ್ಗುಲಲ್ಲೇ ಕೂತಳು. ಕುತ್ತಿಗೆಯ ತೂತನ್ನು ಬಿಸಿನೀರಿನ ಬಟ್ಟೆಯಿಂದ ಒರೆಸಿ, ಕಫ ತೆಗೆಯುತ್ತಿದ್ದಳು. ಅವಳು ಬಟ್ಟೆ ಬಿಚ್ಚಲು ಕೈ ಹಾಕಿದಾಗಲೆಲ್ಲ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಮುಗಿಯಿತೆಂದು ಅವಳು ಎದ್ದ ಮೇಲೇ ತೆರೆಯುತ್ತಿದ್ದ.

ಒಂದು ಮಧ್ಯಾಹ್ನ, ಒರೆಸುತ್ತಿದ್ದ ಅವಳ ಮುಂಗೈಯನ್ನು ಅವನು ಹಿಡಿದ. ದಿಂಬಿನ ಕೆಳಗಿನಿಂದ ಯಂತ್ರ ತೆಗೆದ. ಊದಿದ ಕುತ್ತಿಗೆಯಲ್ಲಿ ಅದನ್ನು ಒತ್ತಲು ಜಾಗ ಸಿಗಲಿಲ್ಲ. ಅವಳೇ ಹಿಡಿದುಕೊಟ್ಟಳು, ಕೆನ್ನೆಯ ಹತ್ತಿರ.

"ನನ್ನ... ತೋರಿಸಬಾರದಿತ್ತು ನೀನು."

ಅವಳ ಬಳಿ ಉತ್ತರವಿತ್ತು. ಸಂಕಟಕ್ಕೆ ಮಾಡಿದೆ, ಆ ಮನುಷ್ಯನಾದರೂ ಉಳಿಯಲಿ ಎಂದು ಮಾಡಿದೆ. ಎಷ್ಟೋ ದಿನದಿಂದ ಹೇಳಲು ಕೂಡಿಟ್ಟುಕೊಂಡಿದ್ದಳು. ಅವನ ಕಣ್ಣು ತೆರೆದೇ ಇದ್ದವು, ಅವಳ ಮೇಲೆಯೇ ಇದ್ದವು.

"ಹೌದ್ರೀ," ಅಂದಳು. "ತೋರಿಸಬಾರದಿತ್ತು."

ಅವನು ಅವಳ ಕೈ ಬಿಡಲಿಲ್ಲ. ಹಾಗೇ ನಿದ್ದೆ ಹೋದ. ಆ ವಾರ ಕಳೆಯುವುದರೊಳಗೆ ತೀರಿಕೊಂಡ. ರಾಜೇಂದ್ರನೇ ಗಾಡಿ ಮಾಡಿಸಿ ಊರಿಗೆ ಒಯ್ದು, ಮಣ್ಣು ಮಾಡುವ ತನಕ ನಿಂತ. ಎಲ್ಲ ಮುಗಿಸಿಕೊಂಡು ಚನ್ನಬಸಮ್ಮ ಮಾದನಾಯಕನಹಳ್ಳಿಗೆ ಮರಳಿದಳು. ಗೋದಾಮಿನ ಕೆಲಸಗಾರರು ಬಾಗಿಲಲ್ಲಿ ನಿಂತು, ಯಾವಾಗಿಂದ ರೊಟ್ಟಿ ಸಿಗುತ್ತದೆಂದು ಕೇಳಲಾರದೆ ಕೇಳಿದರು.

"ನಾಳಿಂದ ಬರ್ರಿ," ಅಂದಳು.